ಬೀಜ ತಂದರೆ ಗುಣ ಬರುವುದಿಲ್ಲ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಭಾಗದ ರೈತರು ಅಣಬೆ ಬೀಜ ತಂದು ಚೀಲ ತೂಗುಹಾಕಿದರೆ ಸಾಕು, ಔಷಧೀಯ ಅಣಬೆಯ ಆಂಟಿಆಕ್ಸಿಡೆಂಟ್ ಗುಣ ತಾನಾಗಿ ಬರುತ್ತದೆ ಎಂದು ಔಷಧೀಯ ಅಣಬೆ ಕೃಷಿ ಕುರಿತ ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ಇದನ್ನು ಒಪ್ಪಲಾಗದು. ತಳಿ ಮುಖ್ಯ, ನಿಜ. ಆದರೆ ಬೆಳೆಸುವ ಕೋಣೆ ಬದಲಾದರೆ ಅದೇ ತಳಿಯ ಗುಣವೂ ಬದಲಾಗುತ್ತದೆ.

ಕಾರ್ಡಿಸೆಪ್ಸ್ ಮಿಲಿಟಾರಿಸ್ ಎಂಬ ಔಷಧೀಯ ಅಣಬೆಯನ್ನೇ ನೋಡಿ. ಕತ್ತಲಲ್ಲಿಟ್ಟರೆ ಅದರ ಎಳೆಗಳು ಬೆಳ್ಳಗೇ ಉಳಿಯುತ್ತವೆ. ಬೆಳಕು ಬಿದ್ದ ಮೇಲೆ ಕ್ಯಾರೊಟಿನಾಯ್ಡ್ ತುಂಬಿ ಕೇಸರಿಗೆ ತಿರುಗುತ್ತವೆ. ಜೊತೆಗೆ 20 ಡಿಗ್ರಿ ಆಸುಪಾಸಿನ ತಂಪು ಬೇಕು. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ಹುನಗುಂದದಲ್ಲಿ ಹಗಲೂ ರಾತ್ರಿ ಎಸಿ ಓಡಬೇಕು. ಆ ಕರೆಂಟ್ ಬಿಲ್ಲಿನ ಮಾತೇ ಲೇಖನದಲ್ಲಿಲ್ಲ! ರೀಶಿ ಅಣಬೆಯೋ, ಗಾಳಿಯಾಡದೆ ಇಂಗಾಲದ ಡೈಆಕ್ಸೈಡ್ ಕಟ್ಟಿಕೊಂಡರೆ ಕೊಡೆ ಬಿಚ್ಚದೆ ಜಿಂಕೆಯ ಕೊಂಬಿನಂತೆ ಕವಲೊಡೆಯುತ್ತದೆ.

ಆಂಟಿಆಕ್ಸಿಡೆಂಟ್ ಗುಣ ತಿಳಿಯಲು ಪ್ರಯೋಗಾಲಯದಲ್ಲಿ ಮಾಡುವ ಡಿಪಿಪಿಎಚ್ ಪರೀಕ್ಷೆಯಲ್ಲಿ ನೇರಳೆ ದ್ರಾವಣ ಹಳದಿಯಾಗುವುದನ್ನು ಅಳೆಯುತ್ತಾರೆ. ಅದು ಗಾಜಿನ ನಳಿಕೆಯೊಳಗಿನ ಫಲಿತಾಂಶ. ಅದನ್ನೇ ತೋರಿಸಿ ಸಕ್ಕರೆ ಕಾಯಿಲೆಯವರಿಗೆ ಭರವಸೆ ಮಾರುವುದು ತಪ್ಪು.

ನಮ್ಮ ಸೆಕೆಗೆ ಹೊಂದುವುದು 30ರಿಂದ 35 ಡಿಗ್ರಿಯಲ್ಲಿ ಬೆಳೆಯುವ ಹಾಲು ಅಣಬೆ. 2008ರಲ್ಲಿ ಶುರುವಾದ ತೋಟಗಾರಿಕೆ ವಿಶ್ವವಿದ್ಯಾಲಯ ಬಾಗಲಕೋಟೆಯಲ್ಲೇ ಇದೆ. ಜೋಳದ ಕಣಿಕೆಯ ಮೇಲೆ ಬೆಳೆದದ್ದನ್ನೂ ಕಬ್ಬಿನ ರವದಿಯ ಮೇಲೆ ಬೆಳೆದದ್ದನ್ನೂ ಅಲ್ಲಿ ಬೇರೆ ಬೇರೆಯಾಗಿ ಅಳೆಸಿ, ಎಷ್ಟು ಬಿಸಿಯಲ್ಲಿ ಒಣಗಿಸಿದ್ದು ಎಂಬುದನ್ನೂ ಸೇರಿಸಿ ಅಂಕಿ ಮುಂದಿಡಿ. ಅಲ್ಲಿಯವರೆಗೆ, ಸಾಲ ಮಾಡಿ ಔಷಧೀಯ ಅಣಬೆಯ ಕೋಣೆ ಕಟ್ಟಿ ಎಂದು ರೈತರಿಗೆ ಹೇಳಬೇಡಿ.