ತರುಣ ರೈತರೂ ಹೊಲದ ಉತಾರವೂ

2025ನೆಯ ಇಸವಿಯ ನವೆಂಬರ ತಿಂಗಳ ಮೊದಲಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ರಸ್ತೆಯ ಮೇಲೆಯೇ ಕುಳಿತು ಟನ್ನಿಗೆ 3,500 ರೂಪಾಯಿ ಬೆಲೆಯನ್ನು ಬೇಡಿದರು. ಸರಕಾರವು ನಡುವೆ ಬಂದು, ಹೆಚ್ಚಿನ ಇಳುವರಿಯ ಕಬ್ಬಿಗೆ 3,300 ರೂಪಾಯಿಯೆಂದು ಗೊತ್ತುಪಡಿಸಿದ ಮೇಲೆ ಆ ಚಳವಳಿಯು ನಿಂತಿತು. ಆ ಬೇಡಿಕೆಯ ನ್ಯಾಯಾನ್ಯಾಯಗಳನ್ನು ನಾವಿಂದು ಎತ್ತಿಕೊಳ್ಳುವದಿಲ್ಲ. ಆದರೆ ಅಲ್ಲಿ ಕುಳಿತವರಲ್ಲಿ ತರುಣರೂ ಇದ್ದರು. ಅವರನ್ನು ನೆನೆದಾಗ ನಮ್ಮಲ್ಲಿ ಬೇರೊಂದು ಪ್ರಶ್ನೆಯು ಹುಟ್ಟುತ್ತದೆ. ಕಬ್ಬೊಂದನ್ನೇ ನಂಬದೆ, ನಾಲ್ಕಾರು ಬೆಳೆ, ಎರಡು ದನ, ಮನೆಯ ಗೊಬ್ಬರ ಇವುಗಳ ಬಲದಿಂದ ಭೂಮಿಯ ಸತ್ವವು ಕೆಡದಂತೆ ಸಣ್ಣ ಪ್ರಮಾಣದ ಒಕ್ಕಲುತನವನ್ನು ಮಾಡಬೇಕೆಂದು ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ತರುಣನೊಬ್ಬನು ಇಂದು ಮನಸ್ಸು ಮಾಡಿದರೆ, ಅವನ ಹಾದಿಗೆ ಅಡ್ಡವಾಗಿ ನಿಂತಿರುವದು ಯಾವದು?

ತರುಣರಿಗೆ ಒಕ್ಕಲುತನದಲ್ಲಿ ಆಸಕ್ತಿಯಿಲ್ಲ, ತಿಳಿವಳಿಕೆಯಿಲ್ಲ ಎಂದು ಸಭೆಗಳಲ್ಲಿ ಹೇಳುವವರು ಬಹಳ. (ಹೀಗೆ ಹೇಳುವವರ ಮಕ್ಕಳು ಪುಣೆ, ಬೆಂಗಳೂರುಗಳಲ್ಲಿ ನೌಕರಿಯಲ್ಲಿರುವದನ್ನು ನಾವು ಬಲ್ಲೆವು.) ತಿಳಿವಳಿಕೆಯ ಮಾತಾದರೆ, ಈ ಸೀಮೆಯಷ್ಟು ಅನುಕೂಲವುಳ್ಳ ಸೀಮೆಗಳು ಕೆಲವೇ. ಅರಭಾವಿಯಲ್ಲಿ ತೋಟಗಾರಿಕೆಯ ಮಹಾವಿದ್ಯಾಲಯವಿದೆ. ತುಕ್ಕಾನಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಸಂಕೇಶ್ವರದಲ್ಲಿ ಕಬ್ಬಿನ ಸಂಶೋಧನೆ ನಡೆದಿದೆ. ಇದೇ ಜಿಲ್ಲೆಯ ಬೇಡಕಿಹಾಳದ ಶ್ರೀ ಸುರೇಶ ದೇಸಾಯಿಯವರು ರವದಿಯನ್ನು ಸುಡದೆ ಸಾಲಿನಲ್ಲಿಯೇ ಹೊದಿಸಿ, ಒಂದು ಸಾಲು ಬಿಟ್ಟು ಒಂದು ಸಾಲಿಗೆ ನೀರು ಹಾಯಿಸಿ, ಅಲ್ಪ ನೀರಿನಲ್ಲಿ ಕಬ್ಬನ್ನೇ ಬೆಳೆದು ತೋರಿಸಿದ್ದಾರೆ. ಹತ್ತು ಕಿಲೋ ಸಗಣಿ, ಹತ್ತು ಲೀಟರ ಗೋಮೂತ್ರ, ಎರಡು ಕಿಲೋ ಬೆಲ್ಲ, ಎರಡು ಕಿಲೋ ದ್ವಿದಳ ಕಾಳಿನ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು, ಇವನ್ನು ಇನ್ನೂರು ಲೀಟರ ನೀರಿನಲ್ಲಿ ಕಲಸಿ ಒಂದು ಎಕರೆಗೆ ಜೀವಾಮೃತ ಮಾಡುವದನ್ನು ಇಂದು ಹಳ್ಳಿಯ ಹುಡುಗರೂ ಬಲ್ಲರು.

ನೀರಿಗೂ ಕೊರತೆಯಿಲ್ಲ. ಧೂಪದಾಳದ ಒಡ್ಡು 1897ರಲ್ಲಿ ಮುಗಿಯಿತು. ಮುಂದೆ ಹಿಡಕಲ್ಲಿನಲ್ಲಿ 51 ಟಿ.ಎಂ.ಸಿ. ನೀರು ಹಿಡಿಯುವ ಜಲಾಶಯವಾಯಿತು. ಕೊರತೆಯ ಬದಲು ಅತಿಯಾದ ನೀರೇ ಕಾಲುವೆಯ ಕೆಳಗಿನ ಎರಿ ಭೂಮಿಯನ್ನು ಅಲ್ಲಲ್ಲಿ ಸವಳು-ಜವಳು ಮಾಡಿದೆ. ಮಣ್ಣನ್ನು ಉಳಿಸುವ ಒಕ್ಕಲುತನವು ಇಲ್ಲಿ ಹವ್ಯಾಸದ ಮಾತಲ್ಲ.

ಕಬ್ಬನ್ನು ಬೈಯುವದು ಸುಲಭ. ಆದರೆ ಕಬ್ಬಿಗೆ ಕೊಳ್ಳುವವನು ನಿಶ್ಚಿತನು. ಕಡಿಯುವ ತಂಡವು ಹೊಲಕ್ಕೇ ಬರುತ್ತದೆ. 14 ದಿವಸಗಳೊಳಗೆ ಹಣ ಕೊಡಬೇಕೆಂದು, ತಪ್ಪಿದರೆ ಶೇಕಡಾ 15ರ ಬಡ್ಡಿ ಕೊಡಬೇಕೆಂದು 1966ರ ಆಜ್ಞೆಯಾದರೂ ಇದೆ. ಅದು ಎಷ್ಟರಮಟ್ಟಿಗೆ ನಡೆಯುತ್ತದೆಂಬದು ಬೇರೆ ಮಾತು. ಬದನೆ, ಮೆಣಸಿನಕಾಯಿಗಳನ್ನು ಬುಟ್ಟಿಯಲ್ಲಿ ಹೊತ್ತು ಪೇಟೆಗೆ ಹೋಗುವವನಿಗೆ ಇಂಥ ಆಜ್ಞೆಯೂ ಇಲ್ಲ. ದಲಾಲನು ಹೇಳಿದ್ದೇ ದರ. ಆದರೂ ಈ ಕಷ್ಟವನ್ನು ತರುಣನು ಗೆದ್ದಾನು. ಅವನು ಗೆಲ್ಲಲಾರದ ಅಡ್ಡಿಯು ಪೇಟೆಯಲ್ಲಿಲ್ಲ, ಉತಾರದಲ್ಲಿದೆ.

ಸ್ವಂತ ಹೊಲವಿಲ್ಲದ ತರುಣನನ್ನು ಮೊದಲು ತೆಗೆದುಕೊಳ್ಳೋಣ. ಅವನು ಎರಡು ಎಕರೆಯನ್ನು ಲಾವಣಿಗೆ ಹಿಡಿಯಬೇಕು. 1961ರ ಭೂಸುಧಾರಣೆಯ ಕಾಯದೆಗೆ 1974ರಲ್ಲಿ ಆದ ತಿದ್ದುಪಡಿಯು ಉಳುವವನಿಗೆ ನೆಲವನ್ನು ಕೊಟ್ಟಿತು. ಅದು ಈ ನಾಡಿನ ದೊಡ್ಡ ಕಾರ್ಯಗಳಲ್ಲೊಂದೆಂದು ನಾವು ಇಂದಿಗೂ ನಂಬಿದ್ದೇವೆ. ಆದರೆ ಅದೇ ಕಾಯದೆಯು, ಸೈನಿಕರಂಥ ಕೆಲವರ ಹೊರತು, ಮುಂದೆ ಯಾರೂ ಹೊಲವನ್ನು ಗೇಣಿಗೆ ಕೊಡಕೂಡದೆಂದು ವಿಧಿಸಿತು. ಗೇಣಿಯು ನಿಂತಿತೇ? ನಿಲ್ಲಲಿಲ್ಲ, ಕಾಗದದಿಂದ ಬಾಯಿಮಾತಿಗೆ ಇಳಿಯಿತು. ತನ್ನ ಹೊಲ ಹೋದೀತೆಂಬ ಅಂಜಿಕೆಯಿಂದ ಮಾಲಿಕನು ಬರೆದುಕೊಡುವದಿಲ್ಲ; ವರ್ಷಕ್ಕೊಮ್ಮೆ ಮಾತು, ವರ್ಷಕ್ಕೊಮ್ಮೆ ಹಣ.

ಇದರ ಪರಿಣಾಮವನ್ನು ವಾಚಕರು ಲಕ್ಷ್ಯವಿಟ್ಟು ನೋಡಬೇಕು. ಸರಕಾರಿ ಗೊಬ್ಬರ ಸುರಿದು ಒಂದು ಹಂಗಾಮಿನಲ್ಲಿ ಫಲ ಕಿತ್ತುಕೊಳ್ಳುವವನಿಗೆ ವರ್ಷದ ಮಾತು ಸಾಕು. ಮಣ್ಣನ್ನು ತಿದ್ದುವವನಿಗೆ ಅದು ಸಾಲದು. ಮೊದಲೆರಡು ವರ್ಷ ಇಳುವರಿ ಕುಗ್ಗುತ್ತದೆ. ಬದು ಹಾಕಬೇಕು, ಗಿಡ ನೆಡಬೇಕು, ರವದಿ ಕೊಳೆಯಬೇಕು. ಮೂರನೆಯ ವರ್ಷ ಹೊಲವು ಕಣ್ಣಿಗೆ ಕಾಣುವಂತೆ ಸುಧಾರಿಸಿತೆಂದರೆ, ಆಗ ಮಾಲಿಕನು ಲಾವಣಿಯ ಹಣವನ್ನು ಏರಿಸುತ್ತಾನೆ, ಇಲ್ಲವೆ ಹೊಲವನ್ನೇ ಮರಳಿ ಕೇಳುತ್ತಾನೆ. ಭೂಮಿಯನ್ನು ಸವೆಸಿದವನು ನಷ್ಟವಿಲ್ಲದೆ ಹೊರಡುತ್ತಾನೆ. ಸುಧಾರಿಸಿದವನು ತನ್ನ ದುಡಿತವನ್ನು ಅಲ್ಲಿಯೇ ಬಿಟ್ಟು ಹೊರಡುತ್ತಾನೆ.

ಅವನಿಗೆ ಸರಕಾರದ ನೆರವಾದರೂ ಉಂಟೇ? ಸಹಕಾರಿ ಸಂಘಗಳ ಬಡ್ಡಿಯಿಲ್ಲದ ಬೆಳೆಸಾಲದ ಮಿತಿಯು 2023ರಲ್ಲಿ 5 ಲಕ್ಷಕ್ಕೆ ಏರಿತು. ಅದು ಉತಾರ ತಂದವನಿಗೆ. ಕೇಂದ್ರದ ವರ್ಷಕ್ಕೆ 6,000 ರೂಪಾಯಿಯು 2019ರ ಫೆಬ್ರುವರಿ 1ರಂದು ದಾಖಲೆಯಲ್ಲಿ ಭೂಮಿ ಹೊಂದಿದ್ದ ಕುಟುಂಬಗಳಿಗೆ. ಬೆಳೆ ವಿಮೆಯು ಗೇಣಿದಾರನನ್ನೂ ಸ್ವೀಕರಿಸುತ್ತದೆ, ಆದರೆ ಗೇಣಿಯ ಪತ್ರ ಕೇಳುತ್ತದೆ. ಕಾಯದೆಯೇ ನಿಷೇಧಿಸಿದ ಪತ್ರವನ್ನು ಅವನು ಎಲ್ಲಿಂದ ತಂದಾನು? 2024ರ ನವೆಂಬರದಲ್ಲಿ ಕೇಂದ್ರ ಸರಕಾರವು ನೈಸರ್ಗಿಕ ಕೃಷಿಗಾಗಿ 2,481 ಕೋಟಿ ರೂಪಾಯಿಗಳ ಯೋಜನೆಯನ್ನು ಒಪ್ಪಿತು. ಆ ಹಣವು ಮೂರು ತಾಲೂಕುಗಳಿಗೆ ಬಂದರೂ, ಹೆಸರಿಲ್ಲದ ರೈತನ ಹೊಲವನ್ನು ಅದು ಮುಟ್ಟುವ ಬಗೆಯು ನಮಗೆ ಕಾಣುವದಿಲ್ಲ. ಇತ್ತ 2020ರಲ್ಲಿ ರಾಜ್ಯ ಸರಕಾರವು 79ಎ, 79ಬಿ ಕಲಮುಗಳನ್ನು ತೆಗೆದುಹಾಕಿ, ಒಕ್ಕಲುತನವನ್ನೇ ಅರಿಯದ ಹಣವಂತನೂ ಹೊಲ ಕೊಳ್ಳಲು ಬಾಗಿಲನ್ನು ತೆರೆಯಿತು. ಕೊಳ್ಳುವವನಿಗೆ ತೆರೆದ ಬಾಗಿಲು ಉಳುವವನಿಗೆ ಮುಚ್ಚಿಯೇ ಉಳಿದದ್ದು ಯಾವ ನ್ಯಾಯ?

ಮನೆಯಲ್ಲಿ ಹೊಲವಿದ್ದ ತರುಣನ ಸ್ಥಿತಿಯೂ ಬಹಳ ಬೇರೆಯಲ್ಲ. ಉತಾರವು ತಂದೆಯ ಹೆಸರಿನಲ್ಲಿ, ಕೆಲವೆಡೆ ಅಜ್ಜನ ಹೆಸರಿನಲ್ಲಿಯೇ ಇರುತ್ತದೆ. ವಾಟ್ನಿಯಾಗದೆ ಅವನಿಗೆ ಸಾಲವಿಲ್ಲ. ವಾಟ್ನಿ ಮಾಡಿದರೆ ಹೊಲವು ತುಂಡಾಗುತ್ತದೆ. 2015-16ರ ಗಣತಿಯಲ್ಲಿ ಕರ್ನಾಟಕದ ಸರಾಸರಿ ಹಿಡುವಳಿಯು 1.36 ಹೆಕ್ಟೇರಿಗೆ ಇಳಿದಿತ್ತು. ಅರ್ಧ ಎಕರೆಯಲ್ಲಿ ಕಬ್ಬು ಬಿಟ್ಟು ಕಾಯಿಪಲ್ಲೆ ಹಾಕುತ್ತೇನೆಂದರೆ ತಂದೆಯು ಒಪ್ಪುವದಿಲ್ಲ. ತಂದೆಯು ತಪ್ಪಿತಸ್ಥನಲ್ಲ, ಸಂಘದ ಸಾಲವು ಕಬ್ಬಿನ ಮೇಲೆಯೇ ನಿಂತಿರುತ್ತದೆ. ಇನ್ನು, ಒಕ್ಕಲುತನವೇ ಶ್ರೇಷ್ಠವೆಂದು ಕಟ್ಟೆಯ ಮೇಲೆ ಕುಳಿತು ಹೇಳುವ ಹಿರಿಯರು ಹೊಲದಲ್ಲಿ ದುಡಿಯುವ ವರನಿಗೆ ಮಗಳನ್ನು ಕೊಡಲು ಹಿಂಜರಿಯುವ ಸಂಗತಿಯನ್ನು ನಾವು ಬರೆದು ತಿಳಿಸಬೇಕಾಗಿಲ್ಲ.

ಆಂಧ್ರ ಪ್ರದೇಶವು 2019ರಲ್ಲಿ ಒಂದು ಕಾಯದೆ ಮಾಡಿ, ಮಾಲಿಕನ ಹಕ್ಕಿಗೆ ಚ್ಯುತಿಯಿಲ್ಲದೆ, ಹನ್ನೊಂದು ತಿಂಗಳ ಒಪ್ಪಂದದ ಮೇಲೆ ಉಳುವವನಿಗೆ ಸಾಗುವಳಿಯ ಚೀಟಿ ಕೊಡುವ ಕ್ರಮವನ್ನು ತಂದಿತು. ಅದರಲ್ಲಿ ಎರಡು ದೋಷಗಳಿದ್ದವು: ಮಾಲಿಕನು ಸಹಿ ಹಾಕದಿದ್ದರೆ ಚೀಟಿಯಿಲ್ಲ, ಮತ್ತು ಹನ್ನೊಂದು ತಿಂಗಳು ಮಣ್ಣಿನ ಸುಧಾರಣೆಗೆ ಏನೇನೂ ಸಾಲದು. ನಮ್ಮಲ್ಲಿ ಅವಧಿಯು ಐದು ವರ್ಷವಾದರೂ ಇರಬೇಕು. ಗೇಣಿಯಿಂದ ಒಡೆತನ ಹುಟ್ಟುವದಿಲ್ಲವೆಂದು ಕಾಯದೆಯಲ್ಲಿಯೇ ಸ್ಪಷ್ಟವಾಗಿ ಬರೆದು ಮಾಲಿಕನ ಅಂಜಿಕೆಯನ್ನು ನೀಗಬೇಕು. ಅವಧಿಗೆ ಮೊದಲು ಹೊಲ ಬಿಡಿಸಿದರೆ ಬದು, ಗಿಡಗಳ ಖರ್ಚನ್ನು ತುಂಬಿಕೊಡತಕ್ಕದ್ದು.

ಸಾಲಕ್ಕೆ ನೆಲದ ಜಾಮೀನೇ ಬೇಕೆಂಬ ವಾದವನ್ನು ಸಹಕಾರಿಗಳ ಬಾಯಿಂದ ಕೇಳಿದಾಗ ನಮಗೆ ಆಶ್ಚರ್ಯವಾಗುತ್ತದೆ. 1904ರ ಕಾಯದೆಯ ಕೆಳಗೆ 1905ರಲ್ಲಿ ಗದಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಂಘವನ್ನು ಸ್ಥಾಪಿಸಿದರು. ಆ ಕಾಲದ ಹಳ್ಳಿಯ ಸಂಘಗಳು ನಿಂತದ್ದು ಸದಸ್ಯರು ಒಬ್ಬರಿಗೊಬ್ಬರು ಹೊತ್ತ ಹೊಣೆಯ ಮೇಲೆ. ಐದು ಜನ ತರುಣರು ಪರಸ್ಪರ ಜಾಮೀನು ನಿಂತು, ಜೋಳ, ಕಡಲೆ, ಅರಿಷಿಣ, ಕಾಯಿಪಲ್ಲೆಗಳಿಗೆ ಸಾಲ ಕೇಳಿದರೆ ಕೊಡಲು ನಮ್ಮ ಸಂಘಗಳು ಠರಾವು ಮಾಡಬಹುದು. ಸಕ್ಕರೆ ಕಾರಖಾನೆಗಳ ಚುನಾವಣೆಗಳಲ್ಲಿ ಹಗಲಿರುಳು ತೊಡಗುವ ನಮ್ಮ ಪುಢಾರಿಗಳು ಇದಕ್ಕಾಗಿ ಒಂದು ಸಭೆಯನ್ನು ಕರೆಯಬೇಕು. ಗೇಣಿಯ ತಿದ್ದುಪಡಿಯು ಬೆಂಗಳೂರಿನಲ್ಲಿ ಆಗಬೇಕಾದದ್ದು. ಮೂರು ತಾಲೂಕುಗಳ ಶಾಸಕರು ಪಕ್ಷಭೇದವನ್ನು ಬದಿಗಿಟ್ಟು ಬರುವ ಅಧಿವೇಶನದಲ್ಲಿ ಅದನ್ನು ಎತ್ತುವರೇ ಎಂದು ನಾವು ಬಹಿರಂಗವಾಗಿ ಕೇಳುತ್ತೇವೆ. ಅವರು ಕಳುಹಿಸುವ ಉತ್ತರವನ್ನು ಇದೇ ಪುಟದಲ್ಲಿ ಪ್ರಕಟಿಸುವೆವು.