ಮಕ್ಕಳ ಮೌನಕ್ಕೆ ಹೊಣೆ ಯಾರು?

ಮೊಬೈಲು ಫೋನಿನ ಮೂಲಕ ಮಕ್ಕಳನ್ನು ಗೋಳುಹೊಯ್ದುಕೊಳ್ಳುವ ಪಿಡುಗು ದೊಡ್ಡ ಊರುಗಳದು, ದುಬಾರಿ ಶಾಲೆಗಳದು, ನಮಗೇನು ಸಂಬಂಧವೆಂದು ನಮ್ಮಲ್ಲಿ ಬಹುಮಂದಿ ತಿಳಿದಿದ್ದಾರೆ. ಈ ತಿಳುವಳಿಕೆ ಹುಸಿ. ಅಕ್ಕಿ ಗಿರಣಿಯ ಹಮಾಲರ ಕೇರಿಗೆ, ನೂಲಿನ ಗಿರಣಿಯ ಸಾಲುಮನೆಗಳಿಗೆ, ಪೇಟೆಯ ಕಿರಾಣಿ ಅಂಗಡಿಯ ಹಿಂದಿನ ಕೋಣೆಗೆ ಅದು ಬಂದು ಕೂತು ವರುಷಗಳೇ ಆದವು. ನಮ್ಮ ಕಣ್ಣಿಗೆ ಬೀಳಲಿಲ್ಲ, ಅಷ್ಟೆ. ರಾತ್ರಿ ಪಾಳಿಯಿಂದ ಬಂದವನು ಹಗಲು ಮಲಗುತ್ತಾನೆ. ಅಂಗಡಿಯವನು ಬಾಗಿಲು ಹಾಕುವ ಹೊತ್ತಿಗೆ ಮಕ್ಕಳು ಮಲಗಿರುತ್ತಾರೆ. ಹೊದಿಕೆಯೊಳಗೆ ಬೆಳಗುತ್ತಿರುವ ಫೋನಿನಲ್ಲಿ ಏನು ಬಂದಿದೆಯೆಂದು ಯಾರು ನೋಡಬೇಕು?

ಫೋನು ನಮ್ಮ ಮನೆಗಳಿಗೆ ಶೋಕಿಗಾಗಿ ಬಂದದ್ದಲ್ಲ. 2020ರ ಮಾರ್ಚಿನಲ್ಲಿ ಶಾಲೆಗಳು ಬಾಗಿಲು ಹಾಕಿದವು. ಪಾಠ ಇನ್ನು ಫೋನಿನಲ್ಲಿ, ಮಗುವಿಗೊಂದು ಕೊಡಿಸಿ ಎಂದು ಶಾಲೆಗಳಿಂದಲೇ ಮಾತು ಬಂತು. ಕೂಲಿಯಿಲ್ಲದ ಆ ತಿಂಗಳುಗಳಲ್ಲಿ ಕೈಗಡ ತಂದು, ಹೆಂಡತಿಯ ಓಲೆ ಒತ್ತೆಯಿಟ್ಟು ಫೋನು ಕೊಂಡವರು ನಮ್ಮ ಓದುಗರಲ್ಲೇ ಇದ್ದಾರೆ. ಶಾಲೆ ಮತ್ತೆ ತೆರೆಯಿತು; ಫೋನು ಮನೆಯಲ್ಲಿ ಉಳಿಯಿತು. ಮನೆಗೆಲಸ, ಶುಲ್ಕದ ನೋಟೀಸು, ಪರೀಕ್ಷೆಯ ವೇಳಾಪಟ್ಟಿ ಎಲ್ಲವೂ ಈಗ ವಾಟ್ಸಾಪು ಗುಂಪಿನಲ್ಲಿಯೇ. ಹೀಗಿರುವಾಗ, ಮಗುವಿನ ಕೈಗೆ ಫೋನು ಕೊಟ್ಟದ್ದೇ ತಪ್ಪೆಂದು ತಂದೆತಾಯಿಗಳ ತಲೆಯ ಮೇಲೆ ಗೂಬೆ ಕೂರಿಸುವ ಪಂಡಿತರ ಮಾತಿಗೆ ನಾವು ಕಿವಿಗೊಡಬೇಕಾದ್ದಿಲ್ಲ.

ಕಾಟದ ಬಗೆ ಹೇಗಿರುತ್ತದೆಂದು ಬಿಡಿಸಿ ಹೇಳುವುದು ಅಗತ್ಯ, ಏಕೆಂದರೆ "ಹುಡುಗಾಟ" ಎಂದು ತಳ್ಳಿಹಾಕುವವರು ಬಹಳ. ತರಗತಿಯ ಹುಡುಗರು ಒಂದು ಗುಂಪು ಕಟ್ಟಿಕೊಳ್ಳುತ್ತಾರೆ. ಒಬ್ಬನ ತೊದಲು ಮಾತನ್ನು ಮುದ್ರಿಸಿ ಹಾಕುತ್ತಾರೆ. ಇನ್ನೊಬ್ಬನ ಅಪ್ಪ ಮೂಟೆ ಹೊತ್ತು ಬಾಗಿ ನಡೆಯುವ ಚಿತ್ರ ತೆಗೆದು ಕೆಳಗೆ ನಗುವ ಮುಖಗಳನ್ನು ಸಾಲಾಗಿ ಅಂಟಿಸುತ್ತಾರೆ. ಜಾತಿಯ ಹೆಸರು ಹಿಡಿದು ಬಯ್ಯುತ್ತಾರೆ. ಹುಡುಗಿಯಾದರೆ ಅವಳ ಹೆಸರಿನಲ್ಲಿ ಕಳ್ಳ ಖಾತೆ ತೆರೆದು ಅವಳೇ ಬರೆದಂತೆ ಹೊಲಸು ಬರೆಯುತ್ತಾರೆ. ಶಾಲೆಯ ವಾರ್ಷಿಕೋತ್ಸವದ ಚಿತ್ರದಿಂದ ಮುಖ ಕತ್ತರಿಸಿ ಬೇರೆ ಮೈಗೆ ಹಚ್ಚುತ್ತಾರೆ. ಹಿಂದೆ ಇದಕ್ಕೆ ಕೈಚಳಕ ಬೇಕಿತ್ತು. ಈಗ ಯಂತ್ರವೇ ನಿಮಿಷದಲ್ಲಿ ಮಾಡಿಕೊಡುತ್ತದೆ. ನಮ್ಮ ಕಾಲದಲ್ಲಿಯೂ ಶಾಲೆಯ ಅಂಗಳದಲ್ಲಿ ಪುಂಡರಿದ್ದರು. ಆದರೆ ಸಂಜೆಯ ಗಂಟೆ ಹೊಡೆದ ಮೇಲೆ ಮನೆಯ ಹೊಸಿಲು ದಾಟಿ ಅವರು ಒಳಗೆ ಬರುತ್ತಿರಲಿಲ್ಲ. ಈ ಪುಂಡ ಊಟದ ತಟ್ಟೆಯ ಪಕ್ಕದಲ್ಲಿ ಕೂರುತ್ತಾನೆ, ಹಾಸಿಗೆಗೂ ಬರುತ್ತಾನೆ.

ಬಡತನಕ್ಕೂ ಅಶಿಕ್ಷಣಕ್ಕೂ ಇದನ್ನು ತಳುಕು ಹಾಕುವುದು ಬೇಡ. 2020ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಬಯಲಿಗೆ ಬಂದ ಇನ್‌ಸ್ಟಾಗ್ರಾಂ ಗುಂಪು ಯಾರದ್ದಾಗಿತ್ತು? ಹೆಸರಾಂತ ಶಾಲೆಗಳಲ್ಲಿ ಓದುವ ಹುಡುಗರದು. ಜೊತೆಯ ಹುಡುಗಿಯರ ಚಿತ್ರಗಳನ್ನು ಅವರ ಅನುಮತಿಯಿಲ್ಲದೆ ಹಂಚಿ ಹೊಲಸು ಮಾತಾಡುತ್ತಿದ್ದರು. ಹುಡುಗಿಯರೇ ಅದನ್ನು ಬಯಲಿಗೆಳೆಯುವವರೆಗೂ ಆ ಮನೆಗಳ ವಿದ್ಯಾವಂತ ತಂದೆತಾಯಿಗಳಿಗೆ ಸುಳಿವೇ ಇರಲಿಲ್ಲ.

ಮಕ್ಕಳು ಏಕೆ ಹೇಳುವುದಿಲ್ಲ? ಕೆಲವು ವರುಷ ಮೇಷ್ಟರಾಗಿದ್ದು ಮಕ್ಕಳ ಬಾಯಿಂದ ಕೇಳಿದ ಕಾರಣಗಳು ಮೂರು. ಹೇಳಿದರೆ ಅಪ್ಪ ಮೊದಲು ನನಗೇ ಹೊಡೆಯುತ್ತಾನೆ. ಹೇಳಿದರೆ ಫೋನು ಕಸಿದುಕೊಳ್ಳುತ್ತಾರೆ. ಹುಡುಗಿಯಾದರೆ, ಹೇಳಿದರೆ ಶಾಲೆ ಬಿಡಿಸುತ್ತಾರೆ. ಗಮನಿಸಬೇಕು: ಮೂರೂ ಭಯ ಕಾಟ ಕೊಡುವವನದ್ದಲ್ಲ, ಮನೆಯದು. ಕಾಟ ಕೊಡುವವನ ಬಲವೆಲ್ಲ ಈ ಭಯದಲ್ಲಿದೆ. "ನಿಮ್ಮಪ್ಪನಿಗೆ ತೋರಿಸುತ್ತೇನೆ" ಎಂಬ ಒಂದೇ ಬೆದರಿಕೆಯಿಂದ ಅವನು ತಿಂಗಳುಗಟ್ಟಲೆ ಆಟ ಆಡಿಸುತ್ತಾನೆ. ಅಪ್ಪನಿಗೆ ಮಗುವೇ ಮೊದಲು ತೋರಿಸಿಬಿಟ್ಟರೆ ಅವನ ಕೈಯಲ್ಲಿ ಉಳಿಯುವುದೇನು?

ನೂಲಿನ ಗಿರಣಿಯ ಕೆಲಸಗಾರನೊಬ್ಬ ತನ್ನ ಒಂಬತ್ತನೆಯ ತರಗತಿಯ ಮಗಳ ವಿಷಯ ಹೇಳಿಕೊಳ್ಳಲು ನಮ್ಮ ಕಚೇರಿಗೆ ಬಂದಿದ್ದ. ಯಾರೋ ಅವಳ ಹೆಸರಿನಲ್ಲಿ ಕಳ್ಳ ಖಾತೆ ತೆರೆದಿದ್ದರು. ಕೇರಿಯವರು ಆಡಿಕೊಂಡರು. ಆತ ಮಗಳಿಗೆ ಎರಡು ಬಾರಿಸಿ, ಫೋನನ್ನು ಕಲ್ಲಿಗೆ ಹೊಡೆದು ಪುಡಿಮಾಡಿ, ಶಾಲೆ ಬಿಡಿಸಿದ. ಕಳ್ಳ ಖಾತೆ ಅನಂತರವೂ ನಡೆದೇ ಇತ್ತು. ಅದನ್ನು ತೋರಿಸಲು ಮನೆಯಲ್ಲಿದ್ದ ಸಾಕ್ಷಿ ಮಾತ್ರ ಕಲ್ಲಿನ ಮೇಲೆ ಪುಡಿಯಾಗಿತ್ತು. ಖಾತೆ ತೆರೆದವನು ಅದೇ ಶಾಲೆಯಲ್ಲಿ ಓದು ಮುಂದುವರಿಸಿದ. ಆ ತಂದೆ ಕೆಟ್ಟವನಲ್ಲ; ಮಗಳಿಗೆಂದು ಓವರ್‌ಟೈಮು ದುಡಿದು ಫೋನು ಕೊಂಡವನೇ ಆತ. ಮಾನ ಹೋಯಿತೆಂಬ ಸಂಕಟದಲ್ಲಿ ಆತನಿಗೆ ತೋಚಿದ್ದು ಅಷ್ಟು. ಹತ್ತು ಮನೆಗಳಲ್ಲಿ ಒಂಬತ್ತರಲ್ಲಿ ತೋಚುವುದೂ ಅಷ್ಟೇ. ಆದ್ದರಿಂದಲೇ ಇದನ್ನು ಬರೆಯಬೇಕಾಗಿದೆ.

ಮಗು ಬಾಯಿಬಿಟ್ಟು ಹೇಳದಿದ್ದರೂ ಕುರುಹುಗಳು ಕಾಣುತ್ತವೆ. ಬೆಳಗಾದರೆ ಹೊಟ್ಟೆನೋವು, ಭಾನುವಾರ ಮಾತ್ರ ಇಲ್ಲ. ಫೋನು ಸದ್ದಾದರೆ ಬೆಚ್ಚುವುದು. ಆಟಕ್ಕೆ ಹೋಗದಿರುವುದು. ಅಂಗಡಿಯ ಬಂಧುಗಳು ಇನ್ನೊಂದನ್ನು ಗಮನಿಸಬೇಕು: ಗಲ್ಲಾದಿಂದ ಐವತ್ತು ನೂರು ಕಾಣೆಯಾಗುವುದು, ಅಂಗಡಿಯ ಫೋನಿನಿಂದ ಗೊತ್ತಿಲ್ಲದ ನಂಬರಿಗೆ ಸಣ್ಣ ಸಣ್ಣ ಮೊತ್ತ ಹೋಗಿರುವುದು. ಮಗ ಕಳ್ಳನಾದನೆಂದು ಕಂಬಕ್ಕೆ ಕಟ್ಟುವ ಮೊದಲು, ಚಿತ್ರ ಹೊರಹಾಕುತ್ತೇನೆಂದು ಹೆದರಿಸಿ ಯಾರಾದರೂ ಅವನಿಂದ ಕಿತ್ತುಕೊಳ್ಳುತ್ತಿದ್ದಾರೆಯೇ ಎಂದು ಕೇಳಬೇಕು. ಇಂಥವರಿಗೆ ಒಮ್ಮೆ ಹಣ ಕೊಟ್ಟರೆ ಮುಗಿಯುವುದಿಲ್ಲ. ಮೀಟರು ಬಡ್ಡಿಯಂತೆ ಬೆಳೆಯುತ್ತದೆ. ಕೊಡುವುದನ್ನು ಅಂದೇ ನಿಲ್ಲಿಸಿ 1930ಕ್ಕೆ ಫೋನು ಮಾಡಬೇಕು.

ವಿಷಯ ತಿಳಿದ ರಾತ್ರಿ ತಂದೆ ಆಡಬೇಕಾದ ಮೊದಲ ಮಾತು, "ಹೇಳಿದ್ದು ಒಳ್ಳೆಯದಾಯಿತು, ಇದು ನಿನ್ನ ತಪ್ಪಲ್ಲ." ಮಗುವೇ ಏನೋ ಅವಿವೇಕ ಮಾಡಿದ್ದರೂ ಅದರ ವಿಚಾರ ಆಮೇಲೆ. ಎರಡನೆಯದು, ಏನನ್ನೂ ಅಳಿಸಕೂಡದು. ಬೈಗುಳ ಬಂದ ಪುಟ, ಕಳಿಸಿದವನ ಹೆಸರು ಅಥವಾ ನಂಬರು, ತಾರೀಖು, ವೇಳೆ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಬೇಕು. ತೆಗೆಯಲು ನಮಗೆ ಬಾರದಿದ್ದರೆ ಮಗುವಿಗೆ ಬರುತ್ತದೆ. ಕಲಿಸು ಎಂದರೆ ಅದಕ್ಕೂ ಧೈರ್ಯ ಬರುತ್ತದೆ. ಮರುಬೈಗುಳ ಬರೆಯಬಾರದು. ಸಾಕ್ಷಿ ಸಿಕ್ಕ ಮೇಲೆ ಆ ಖಾತೆಯ ಮೇಲೆ ಕಂಪನಿಗೆ ದೂರು ಕೊಟ್ಟು, ತಡೆಹಾಕಬೇಕು.

ನಗ್ನ ಚಿತ್ರದ ವಿಷಯವಾದರೆ ಮಾತ್ರ ಹೆಚ್ಚಿನ ಎಚ್ಚರ ಬೇಕು, ಅದು ನಿಜದ ಚಿತ್ರವೇ ಇರಲಿ, ಯಂತ್ರದಿಂದ ಕೂಡಿಸಿದ್ದೇ ಇರಲಿ. ಸಾಕ್ಷಿಯೆಂದು ಅದನ್ನು ಅಣ್ಣನಿಗೆ, ಮೇಷ್ಟರಿಗೆ, ಸಂಘದ ಕಾರ್ಯದರ್ಶಿಗೆ ವಾಟ್ಸಾಪಿನಲ್ಲಿ ಕಳಿಸಲೇಕೂಡದು. 18 ತುಂಬದವರ ಅಂಥ ಚಿತ್ರವನ್ನು ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯಿದೆಯ 67ಬಿ ಪ್ರಕರಣದ ಕೆಳಗೆ ಅಪರಾಧ. ಒಳ್ಳೆಯ ಮನಸ್ಸಿನಿಂದ ಕಳಿಸಿದ್ದೂ ಊರು ಸುತ್ತುತ್ತದೆ. ಫೋನನ್ನೇ ಒಯ್ದು ಪೋಲೀಸು ಅಧಿಕಾರಿಗೆ ತೋರಿಸಿದರೆ ಸಾಕು. ಕಾಣೆಯಾದ ಮಕ್ಕಳಿಗಾಗಿ ಇರುವ ಅಮೆರಿಕದ ಕೇಂದ್ರವೊಂದು 2023ರ ಫೆಬ್ರುವರಿಯಲ್ಲಿ "ಟೇಕ್ ಇಟ್ ಡೌನ್" ಎಂಬ ಉಚಿತ ಸೇವೆ ತೆರೆಯಿತು. ಅದಕ್ಕೆ ಚಿತ್ರ ಕಳಿಸಬೇಕಾದ್ದಿಲ್ಲ. ಚಿತ್ರದಿಂದ ಲೆಕ್ಕ ಹಾಕಿದ ಒಂದು ಗುರುತುಸಂಖ್ಯೆ ಮಾತ್ರ ಹೋಗುತ್ತದೆ, ಹೆಬ್ಬೆಟ್ಟಿನ ಗುರುತಿದ್ದಂತೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮೊದಲಾದ ಕಂಪನಿಗಳು ಆ ಗುರುತು ಹಿಡಿದು ಚಿತ್ರವನ್ನು ತಡೆಯುತ್ತವೆ.

ಇನ್ನು ಠಾಣೆಯ ಮಾತು. ಠಾಣೆಯ ಮೆಟ್ಟಿಲು ಹತ್ತಿದರೆ ಮಾನ ಹೋಯಿತೆಂದು ನಮ್ಮ ಜನ ಹೆದರುತ್ತಾರೆ. ಹೆದರಿಕೆಗೆ ಕಾರಣವಿಲ್ಲವೆಂದು ಹೇಳುವಷ್ಟು ನಾವು ಮುಗ್ಧರಲ್ಲ. ಆದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ತಡೆಯುವ 2012ರ ಪೋಕ್ಸೋ ಕಾಯಿದೆ ಏನು ಹೇಳುತ್ತದೆಂದು ಪ್ರತಿಯೊಬ್ಬ ಕೂಲಿಕಾರನಿಗೂ ಗೊತ್ತಿರಬೇಕು. ಮಗುವಿನ ಹೇಳಿಕೆಯನ್ನು ಮಗುವಿನ ಮನೆಯಲ್ಲಿ, ಇಲ್ಲವೆ ಅದು ಬಯಸಿದ ಜಾಗದಲ್ಲಿ ಬರೆದುಕೊಳ್ಳಬೇಕು. ಸಾಧ್ಯವಾದಮಟ್ಟಿಗೆ ಮಹಿಳಾ ಅಧಿಕಾರಿ ಬರಬೇಕು, ಅವರು ಖಾಕಿ ತೊಟ್ಟಿರಕೂಡದು. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳಕೂಡದು. ಮಗುವಿನ ಹೆಸರು ಪತ್ರಿಕೆಯಲ್ಲಿ ಬರಕೂಡದು. ಅಶ್ಲೀಲ ಚಿತ್ರವನ್ನು, ಕೂಡಿಸಿದ ಸುಳ್ಳು ಚಿತ್ರವನ್ನೇ ಆದರೂ, ಹೊರಹಾಕುತ್ತೇನೆಂದು ಮಗುವನ್ನು ಬೆದರಿಸುವುದೂ ಈ ಕಾಯಿದೆಯಲ್ಲಿ ಅಪರಾಧ. ಮೂರು ವರ್ಷದವರೆಗೆ ಸಜೆ.

ನಮ್ಮ ರಾಜ್ಯದ ಜಿಲ್ಲೆಗಳಲ್ಲಿ ಇದಕ್ಕೆಂದೇ ಸಿ.ಇ.ಎನ್. ಠಾಣೆಗಳಿವೆ. ಅಲ್ಲಿಗೆ ಹೋಗಲಾಗದಿದ್ದರೆ ಹತ್ತಿರದ ಠಾಣೆ ಸಾಕು; "ನಮ್ಮ ಸರಹದ್ದಲ್ಲ" ಎಂದು ಅಟ್ಟುವಂತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಪ್ರಕರಣದಂತೆ ಅಪರಾಧ ಎಲ್ಲಿಯೇ ನಡೆದಿರಲಿ ದೂರು ಬರೆದುಕೊಳ್ಳಬೇಕು. ಮಕ್ಕಳ ಸಹಾಯವಾಣಿ 1098 ಹಗಲೂ ರಾತ್ರಿ ಉಚಿತ; ಮಗು ತಾನೇ ಮಾಡಬಹುದು. ಮಗು ಊಟ ನಿದ್ದೆ ಬಿಟ್ಟು ಸಾಯುವ ಮಾತಾಡಿದರೆ ದೂರು, ಶಾಲೆ ಎಲ್ಲವೂ ಹಿಂದಕ್ಕೆ; ಅದನ್ನು ಒಂಟಿಯಾಗಿ ಬಿಡದೆ 14416ಕ್ಕೆ ಕರೆಮಾಡಬೇಕು. ಇದು 2022ರಲ್ಲಿ ಶುರುವಾದ ಸರಕಾರಿ ಮನೋಆರೋಗ್ಯ ಸೇವೆ, ಕನ್ನಡದಲ್ಲಿಯೇ ಮಾತಾಡಬಹುದು.

ಜಾತಿ ಹಿಡಿದು ಬೈದದ್ದು ವಯಸ್ಕನಾದರೆ 1989ರ ದೌರ್ಜನ್ಯ ತಡೆ ಕಾಯಿದೆಯೂ ಇದೆ. ಬೈದವನು ಇನ್ನೊಬ್ಬ ಹುಡುಗನಾದರೆ ಅವನನ್ನು ಜೈಲಿಗೆ ತಳ್ಳುವ ಮಾತು ಬರುವುದಿಲ್ಲ. 18 ತುಂಬದವರು ಬಾಲನ್ಯಾಯ ಮಂಡಳಿಯ ಮುಂದೆ ಹೋಗಬೇಕು, ಅದು ಸರಿಯಾದದ್ದೇ. ಅವನ ಚಿತ್ರವನ್ನು ಊರ ಗುಂಪುಗಳಲ್ಲಿ ಹಾಕಿ ಸೇಡು ತೀರಿಸಿಕೊಳ್ಳುವುದಕ್ಕೆ ಕಾನೂನಿನ ಒಪ್ಪಿಗೆಯಿಲ್ಲ, ನಮ್ಮದೂ ಇಲ್ಲ. ಮಕ್ಕಳ ಹೆಸರು ಹೇಳಿ ಹೊಸ ಕಠಿಣ ಕಾಯಿದೆ ಬೇಕೆಂದು ಕೂಗುವವರಿಗೂ ಒಂದು ಮಾತು. ಅಂತರ್ಜಾಲದಲ್ಲಿ ಕಿರಿಕಿರಿಯ ಮಾತು ಬರೆದವರನ್ನೆಲ್ಲ ಹಿಡಿಯುವ 66ಎ ಪ್ರಕರಣ ಒಂದಿತ್ತು. 2012ರಲ್ಲಿ ಮುಂಬಯಿಯ ಬಂದ್ ಕುರಿತು ಬರೆದ ಪಾಲ್ಘರಿನ ಇಬ್ಬರು ಯುವತಿಯರನ್ನು ಬಂಧಿಸಲು ಅದನ್ನು ಬಳಸಿದರು. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟು ಅದನ್ನು ರದ್ದುಮಾಡಿತು. ಇರುವ ಕಾಯಿದೆಗಳನ್ನೇ ಬಡವನ ಮಗುವಿಗೂ ನಡೆಸಿಕೊಡಲಿ.

ನಮ್ಮ ಮಗುವೇ ಕಾಟ ಕೊಡುವವನಾಗಿದ್ದರೆ? ಈ ಪ್ರಶ್ನೆಯನ್ನು ಯಾರೂ ಕೇಳಿಕೊಳ್ಳುವುದಿಲ್ಲ. ದೂರು ತಂದವರ ಮೇಲೆ ಜಗಳಕ್ಕೆ ಹೋಗುವ ಬದಲು ಅವರೊಡನೆ ಕೂತು ನೋಡಬೇಕು. ಹಾಕಿದ್ದನ್ನು ಅವನಿಂದಲೇ ತೆಗೆಸಬೇಕು, ಅವನೇ ಆ ಮನೆಗೆ ಹೋಗಿ ಕ್ಷಮೆ ಕೇಳಬೇಕು. ಬೆಲ್ಟು ಬಿಚ್ಚಿದರೆ ಅವನು ಕಲಿಯುವುದು ಬೆಲ್ಟು ಬಿಚ್ಚುವುದನ್ನೇ. ಅಣಕದ ಚಿತ್ರಗಳನ್ನು ನಾವೇ ಸಂಘದ ಗುಂಪಿನಲ್ಲಿ ಹಂಚಿ ನಗುತ್ತಿರುವುದನ್ನು ಅವನು ನೋಡಿರುವುದೂ ಉಂಟು.

ಕಂಪನಿಗಳ ಹೊಣೆಯನ್ನು ಬಿಟ್ಟರೆ ಲೆಕ್ಕ ಅರ್ಧವಾಗುತ್ತದೆ. ಜನ ಹೆಚ್ಚು ಹೊತ್ತು ನೋಡಿದಷ್ಟೂ ಅವರಿಗೆ ಜಾಹೀರಾತಿನ ಹಣ. ನೋಡುತ್ತಿರುವುದು ಒಂದು ಮಗುವಿನ ಅವಮಾನವೇ ಆದರೂ ಹಣ ಹಣವೇ. ಇನ್‌ಸ್ಟಾಗ್ರಾಂ ಹದಿಹರೆಯದ ಹುಡುಗಿಯರ ಮನಸ್ಸಿಗೆ ಮಾಡುವ ಕೆಡುಕನ್ನು ಕಂಪನಿಯ ಸಂಶೋಧಕರೇ ಬರೆದಿಟ್ಟಿದ್ದರೆಂಬುದು 2021ರಲ್ಲಿ ಫ್ರಾನ್ಸಿಸ್ ಹಾಗೆನ್ ಎಂಬ ಮಾಜಿ ಉದ್ಯೋಗಿ ಕಾಗದಪತ್ರ ಹೊರತಂದಾಗ ಜಗತ್ತಿಗೆ ತಿಳಿಯಿತು. ಮಕ್ಕಳ ಚಲನವಲನ ಕದ್ದುನೋಡಿ ಜಾಹೀರಾತು ತೋರಿಸಬಾರದೆಂಬ ಕಾಯಿದೆ ನಮ್ಮಲ್ಲಿ 2023ರಲ್ಲಿ ಆಯಿತು. ಅದರ ನಿಯಮಗಳು ಹೊರಬಿದ್ದದ್ದು 2025ರ ನವೆಂಬರಿನಲ್ಲಿ. ಆಗಲೂ ಮುಖ್ಯ ಕಟ್ಟಳೆಗಳಿಗೆ ಕಂಪನಿಗಳಿಗೆ 18 ತಿಂಗಳ ವಾಯಿದೆ ಕೊಟ್ಟರು. ತಕ್ಕಡಿಗೆ ಮುದ್ರೆ ಹಾಕಿಸಲು ನಮ್ಮ ಅಂಗಡಿಕಾರನಿಗೆ ಯಾವ ಇನ್ಸ್‌ಪೆಕ್ಟರು 18 ತಿಂಗಳು ವಾಯಿದೆ ಕೊಟ್ಟಿದ್ದಾನೆ?

ಊರಿನಲ್ಲಿ ಈಗಲೇ ಆಗಬಹುದಾದ ಕೆಲಸವೊಂದಿದೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯಂತೆ ಸರಕಾರಿ ಮತ್ತು ಅನುದಾನಿತ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳೇ ಇರಬೇಕು. ನಮ್ಮ ಎಸ್.ಡಿ.ಎಂ.ಸಿ. ಎಂಬುದು ಅದೇ. ಅದರ ಸಭೆ ಕೆಲಸದ ದಿನ ಹನ್ನೊಂದು ಗಂಟೆಗೆ ಕರೆದರೆ ಗಿರಣಿಯವನು ಒಂದು ದಿನದ ಕೂಲಿ ಬಿಟ್ಟು ಬರಬೇಕು. ಬಾರದಿದ್ದಾಗ "ಪಾಲಕರಿಗೆ ಆಸಕ್ತಿಯಿಲ್ಲ" ಎಂದು ನಡಾವಳಿಯಲ್ಲಿ ಬರೆಯುತ್ತಾರೆ. ಸಭೆ ವಾರದ ರಜೆಯಂದೋ ಸಂಜೆ ಪಾಳಿ ಬಿಟ್ಟ ಮೇಲೋ ನಡೆಯಬೇಕು. ತರಗತಿಯ ವಾಟ್ಸಾಪು ಗುಂಪಿನಲ್ಲಿ ಯಾರು ಏನು ಹಾಕಬಹುದು, ಕಾಟದ ದೂರನ್ನು ಯಾವ ಶಿಕ್ಷಕಿಯ ಬಳಿ ಮಗು ಹೇಳಬಹುದು, ದೂರು ಬಂದ ಎಷ್ಟು ದಿನದಲ್ಲಿ ಮುಖ್ಯೋಪಾಧ್ಯಾಯರು ಎರಡೂ ಮನೆಯವರನ್ನು ಕರೆಯಬೇಕು ಎಂಬುದನ್ನು ಅಲ್ಲಿ ಬರೆದು ಸಹಿ ಹಾಕಿಸಬೇಕು. ದೂರು ಕೊಟ್ಟ ಹುಡುಗಿಯನ್ನು ಶಾಲೆ ಬಿಡಿಸುವುದಿಲ್ಲವೆಂಬ ಮಾತನ್ನು ತಂದೆಯೂ ಅದೇ ಕಾಗದದಲ್ಲಿ ಬರೆದುಕೊಡಲಿ. ಗಿರಣಿ ಸಂಘಗಳೂ ವರ್ತಕರ ಸಂಘವೂ ಸೇರಿ ಸಭೆಯ ವೇಳೆ ಬದಲಿಸುವಂತೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಈ ತಿಂಗಳೊಳಗೆ ಮನವಿ ಕೊಡಬೇಕು.