ಸೈಕಲ್ ಚಕ್ರದ ಹೊಳಪೂ ಬಿಗುವೂ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಾಲೇಜು ತರುಣರಲ್ಲಿ, ಹಳೆಯ ಗೇರ್ ಸೈಕಲ್ಲೊಂದನ್ನು ಕಡಮೆ ಬೆಲೆಗೆ ಕೊಂಡು, ಅದರ ಅಲ್ಯೂಮಿನಿಯಮ್ ಚಕ್ರಗಳನ್ನು ಮನೆಯಂಗಳದಲ್ಲಿಯೇ ಬಿಚ್ಚಿ, ಕನ್ನಡಿಯಂತೆ ಉಜ್ಜಿ, ಪುನಃ ಕಟ್ಟಿಕೊಳ್ಳುವ ಹವ್ಯಾಸದವರು ಕೆಲವರುಂಟು. ಇದು ಕಾಲಹರಣವೆಂದು ಹಿರಿಯರು ಗದರುವರು. ನಾವು ಹಾಗೆನ್ನುವವರಲ್ಲ. ಆದರೆ ಈ ಕೆಲಸದಲ್ಲಿ ಅವರು ಹೆಚ್ಚಿನ ಶ್ರಮ ವಹಿಸುವ ಭಾಗವು ಅಲ್ಪ ಫಲದ್ದೆಂದೂ, ಅವಸರದಿಂದ ಮುಗಿಸಿಬಿಡುವ ಭಾಗವೇ ಬೆಲೆಯುಳ್ಳದ್ದೆಂದೂ ನಮ್ಮ ಅಭಿಪ್ರಾಯ.

ಮೊದಲು ಹೊಳಪಿನ ವಿಷಯ. ಅಲ್ಯೂಮಿನಿಯಮ್ ಗಾಳಿಗೆ ಸೋಕಿದೊಡನೆ ಅದರ ಮೇಲೆ ಕೆಲವೇ ನ್ಯಾನೊಮೀಟರ್ ದಪ್ಪದ ಆಕ್ಸೈಡಿನ ಪೊರೆ ಕಟ್ಟಿಕೊಳ್ಳುತ್ತದೆ. ಲೋಹಕ್ಕೆ ಇದೇ ಕವಚ. ಕಾರ್ಖಾನೆಯಲ್ಲಿ ರಿಮ್ಮನ್ನು ಆಮ್ಲದ ತೊಟ್ಟಿಯಲ್ಲಿ ಧನಾಗ್ರವಾಗಿರಿಸಿ ವಿದ್ಯುತ್ತು ಹರಿಸಿ, ಈ ಪೊರೆಯನ್ನು ಸಾವಿರ ಪಟ್ಟಿಗೂ ಮೀರಿ ದಪ್ಪಗೊಳಿಸುವುದುಂಟು. ಹೀಗೆ ಬೆಳೆದ ಪೊರೆ ಬರಿಯ ಲೋಹಕ್ಕಿಂತ ಬಹಳ ಗಡಸು; ಬಣ್ಣವನ್ನೂ ಹೀರಿಕೊಳ್ಳಬಲ್ಲುದು. ಎಮೆರಿ ಕಾಗದಕ್ಕೆ ಇದು ಬೇಗ ಬಗ್ಗದು. ಆಗ ತರುಣರ ಕೈ ಕಾಸ್ಟಿಕ್ ಸೋಡದ ಡಬ್ಬಿಗೆ ಹೋಗುತ್ತದೆ.

ಬಾಕ್ಸೈಟಿನಿಂದ ಅಲ್ಯೂಮಿನವನ್ನು ಕರಗಿಸಿ ತೆಗೆಯಲು ಕಾರ್ಲ್ ಬೇಯರನು 1888ರಲ್ಲಿ ಹಕ್ಕು ಪಡೆದ ವಿಧಾನಕ್ಕೂ ಆಧಾರ ಈ ಕಾಸ್ಟಿಕ್ ಸೋಡವೇ. ನಮ್ಮ ಬೆಳಗಾವಿಯ ಅಲ್ಯೂಮಿನ ಕಾರ್ಖಾನೆಯಲ್ಲಿ ನಡೆಯುವುದೂ ಈ ಕ್ರಿಯೆಯೇ. ಅಲ್ಲಿ ಅದು ಮುಚ್ಚಿದ ಉಕ್ಕಿನ ಪಾತ್ರೆಗಳಲ್ಲಿ ನಡೆದರೆ, ಇಲ್ಲಿ ಬಚ್ಚಲಿನ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ! ಪೊರೆ ಕರಗಿದ ಮೇಲೂ ದ್ರಾವಣವು ಸುಮ್ಮನಿರದೆ ಲೋಹವನ್ನೇ ತಿನ್ನತೊಡಗುತ್ತದೆ, ಜಲಜನಕ ಹೊರಡುತ್ತದೆ, ಶಾಖದಿಂದ ಕ್ರಿಯೆ ಇನ್ನೂ ಚುರುಕಾಗುತ್ತದೆ. ಒಂದು ಹನಿ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಇಷ್ಟಾಗಿಯೂ ರಿಮ್ಮು ಹೊಳೆಯುವುದಿಲ್ಲ, ಮಂಕಾಗಿ ಕಪ್ಪಡರಿರುತ್ತದೆ. ಉಜ್ಜುವ ಕೆಲಸ ಪೂರ್ತಿ ಉಳಿದೇ ಇರುತ್ತದೆ.

ಉಜ್ಜುವುದೆಂದರೆ ದೊಡ್ಡ ಗೀರುಗಳ ಜಾಗದಲ್ಲಿ ಸಣ್ಣ ಗೀರುಗಳನ್ನು ಮಾಡುತ್ತ ಹೋಗುವುದು. 400ರ ಕಾಗದದಿಂದ 600, 1000, 2000 ಎಂದು ಮುಂದುವರಿದು, ಕಡೆಗೆ ನಯವಾದ ಲೇಪದಿಂದ ತಿಕ್ಕಿದಾಗ, ಗೀರುಗಳು ಬೆಳಕಿನ ಅಲೆಯುದ್ದಕ್ಕಿಂತ, ಅಂದರೆ 400–700 ನ್ಯಾನೊಮೀಟರಿಗಿಂತ, ಕಿರಿದಾಗುತ್ತವೆ, ಮುಖ ಕಾಣುತ್ತದೆ. ಹಳೇಬೀಡಿನ ಬಳಪದ ಕಲ್ಲಿನ ಕಂಬಗಳು ಹೊಳೆಯುವುದೂ ಇದೇ ನಿಯಮದಿಂದ. ಆದರೆ ಕಂಬಕ್ಕೆ ಬ್ರೇಕು ಹಿಡಿಯುವವರಿಲ್ಲ. ರಿಮ್ಮಿಗೇ ಬ್ರೇಕು ಕಚ್ಚುವ ಚಕ್ರದಲ್ಲಿ ಪಕ್ಕದ ಗೋಡೆ ಒಂದೆರಡು ಮಿಲಿಮೀಟರಿನಷ್ಟು ಮಾತ್ರ. ಮಳೆಗಾಲದ ಕೆಸರಿನ ಮರಳು ಅದನ್ನು ಹೇಗೂ ಸವೆಸುತ್ತಿರುವಾಗ ನಾವೂ ಏಕೆ ಸವೆಸಬೇಕು? ಗೋಡೆ ತೆಳುವಾದರೆ ಟೈರಿನ ಗಾಳಿಯ ಒತ್ತಡಕ್ಕೆ ಅದು ಒಡೆದುಕೊಳ್ಳುತ್ತದೆ. ಆದುದರಿಂದ ಬ್ರೇಕು ಕಚ್ಚುವ ಪಟ್ಟಿಯನ್ನು ಮುಟ್ಟಕೂಡದು. ಕಾಸ್ಟಿಕ್ ಸೋಡವಂತೂ ಯಾವ ರಿಮ್ಮಿಗೂ ಬೇಡ.

ಇನ್ನು ಕಟ್ಟುವ ಮಾತು. ಸೈಕಲ್ ಷಾಪಿನವರು ‘ಬೆಂಡು ತೆಗೆಯುವುದು’ ಎನ್ನುವ ಆ ಕೆಲಸದಲ್ಲಿ ಎಷ್ಟೊಂದು ಭೌತಶಾಸ್ತ್ರ ಅಡಗಿದೆ! ಕಡ್ಡಿಗಳನ್ನು ಗುಂಭಕ್ಕೆ ಓರೆಯಾಗಿ ಹೆಣೆಯುವ ಕ್ರಮಕ್ಕೆ ಜೇಮ್ಸ್ ಸ್ಟಾರ್ಲಿ 1874ರಲ್ಲಿ ಹಕ್ಕು ಪಡೆದನು. ಸವಾರನು ಮೇಲಿನ ಕಡ್ಡಿಗಳಿಂದ ತೂಗುತ್ತಿರುವನೆಂದು ಅನೇಕರು ತಿಳಿದಿರುವರು. ಪರೀಕ್ಷಿಸಿ ನೋಡಿ. ಗೆಳೆಯನನ್ನು ಸೈಕಲ್ಲಿನ ಮೇಲೆ ಕೂರಿಸಿ, ನೆಲದ ಕಡೆಗಿರುವ ಕಡ್ಡಿಯನ್ನು ಮೀಟಿರಿ: ಶ್ರುತಿ ಇಳಿದಿರುತ್ತದೆ. ಮೇಲಿನ ಕಡ್ಡಿಯ ಶ್ರುತಿಯಲ್ಲಿ ವ್ಯತ್ಯಾಸ ಕಾಣುವುದೇ ಕಷ್ಟ. ಮೊದಲೇ ಬಿಗಿದಿಟ್ಟ ಕಡ್ಡಿಯು ತನ್ನ ಬಿಗುವನ್ನು ಕಳೆದುಕೊಳ್ಳುವುದರ ಮೂಲಕವೇ ಭಾರವನ್ನು ಹೊರುತ್ತದೆ.

ಪಿ.ಯು.ಸಿ. ಪ್ರಯೋಗಶಾಲೆಯಲ್ಲಿ ಸೋನೋಮೀಟರಿನ ತಂತಿಗೆ ತೂಕ ಕಟ್ಟಿ ಬರೆದುಕೊಂಡ ಸೂತ್ರವೇ ಇಲ್ಲಿಯೂ. 2 ಮಿಲಿಮೀಟರ್ ದಪ್ಪದ ಉಕ್ಕಿನ ಕಡ್ಡಿಯಲ್ಲಿ 1000 ನ್ಯೂಟನ್ ಬಿಗುವಿದ್ದು, 20 ಸೆಂಟಿಮೀಟರ್ ಭಾಗ ಕಂಪಿಸಿದರೆ, ಸೆಕೆಂಡಿಗೆ ಸುಮಾರು 500 ಕಂಪನಗಳು. ಬಿಗುವು ಅರ್ಧವಾದರೆ ಸುಮಾರು 350. ಈ ಅಂತರ ಸಂಗೀತ ಕಲಿಯದ ಕಿವಿಗೂ ಕೇಳಿಸುತ್ತದೆ. ಚನ್ನರಾಯಪಟ್ಟಣದಿಂದ ಶ್ರವಣಬೆಳಗೊಳಕ್ಕೆ ಹೋಗಿ ಬರುವಷ್ಟರಲ್ಲಿ ಚಕ್ರ ಹತ್ತು ಸಾವಿರ ಸುತ್ತು ಮೀರುತ್ತದೆ. ಪ್ರತಿ ಸುತ್ತಿಗೂ ಪ್ರತಿಯೊಂದು ಕಡ್ಡಿ ಸಡಿಲಿ ಮತ್ತೆ ಬಿಗಿಯುತ್ತದೆ. ಸಡಿಲವಾಗಿ ಕಟ್ಟಿದ ಕಡ್ಡಿ ಹೀಗೆಯೇ ದಣಿದು ಮುರಿಯುವುದು.

ನಮ್ಮ ಕಾಲೇಜುಗಳು ಸೋನೋಮೀಟರಿನ ಪಕ್ಕದಲ್ಲಿ ಒಂದು ಚಕ್ರವನ್ನೂ ಇರಿಸಬೇಕು. ಪಠ್ಯಕ್ರಮದಲ್ಲಿ ಇಲ್ಲ, ವೇಳೆ ಇಲ್ಲ ಎಂಬ ಆಕ್ಷೇಪ ನಮಗೆ ಹೊಸದಲ್ಲ. ತೂಕದ ಕೊಕ್ಕೆಗೂ ಕಿವಿಗೂ ಸಂಬಂಧ ಕಾಣದ ವಿದ್ಯಾರ್ಥಿ ಅಂಕವನ್ನೇನೋ ಪಡೆಯುವನು. ಸೂತ್ರ ಅವನಿಗೆ ಪುಸ್ತಕದಲ್ಲಿಯೇ ಉಳಿಯುವುದು. ಚಕ್ರ ಅಲ್ಯೂಮಿನಿಯಮ್ಮಿನದೇ ಆಗಬೇಕೆಂದೂ ಇಲ್ಲ. 2006–07ರಲ್ಲಿ ಆರಂಭವಾದ ಸರ್ಕಾರದ ಯೋಜನೆಯಲ್ಲಿ ಎಂಟನೆಯ ತರಗತಿಯವರಿಗೆ ಹಂಚಿದ ಸೈಕಲ್ಲಿನ ಉಕ್ಕಿನ ಚಕ್ರವಾದರೂ ಸಾಕು.

ಮೊದಲ ಸಲ ಕಟ್ಟುವವರು ಮುಂದಿನ ಚಕ್ರವನ್ನೇ ಆರಿಸಿಕೊಳ್ಳಲಿ. ಗೇರಿರುವ ಹಿಂದಿನ ಚಕ್ರದಲ್ಲಿ ಬಲಗಡೆಯ ಕಡ್ಡಿಗಳಿಗೆ ಎಡಗಡೆಗಿಂತ ಹೆಚ್ಚು ಬಿಗುವು ಬೇಕಾಗುವುದರಿಂದ ಶ್ರುತಿ ಕೂಡಿಸುವುದು ತೊಡಕು. ಹೆಣಿಗೆಯ ಕ್ರಮ ನೋಡಿಕೊಳ್ಳಲು ಬಿಚ್ಚದ ಚಕ್ರವೊಂದು ಪಕ್ಕದಲ್ಲಿರಲಿ. ಬಿಗಿಯುವಾಗ ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಮುಗಿದ ಮೇಲೆ, ರಸ್ತೆಗಿಳಿಯುವ ಮುನ್ನ, ಊರಿನ ಸೈಕಲ್ ಷಾಪಿನವರ ಕೈಗೊಮ್ಮೆ ಕೊಟ್ಟು ತಿರುಗಿಸಿ ನೋಡಿಸಿರಿ.